ತೋಟದ ಏರಿಗೆ ಯಾವ ಗೇರ್‌ಬಾಕ್ಸ್? ಡೀಸೆಲ್ ಪಿಕಪ್ ಆರಿಸಿದ ಅನುಭವ

ತೋಟಕ್ಕೆ ಫೋರ್‌ವೀಲ್, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಡೀಸೆಲ್ ಪಿಕಪ್ ತಗೊಳ್ಳೋದು ಅಂತ ಮನೆಯಲ್ಲಿ ಒಪ್ಪಿಗೆಯಾದ ಮೇಲೆ ದೊಡ್ಡ ಪ್ರಶ್ನೆ ಅಂತ ಉಳಿದದ್ದು ಒಂದೇ. ಮ್ಯಾನುವಲ್ಲೋ, ಆಟೊಮ್ಯಾಟಿಕ್ಕೋ? ಬಣ್ಣ, ಸೀಟು, ಸ್ಕ್ರೀನು ಎಲ್ಲ ಒಂದು ಸಂಜೆಯ ಮಾತಿನಲ್ಲಿ ಮುಗಿದವು. ಗೇರ್‌ಬಾಕ್ಸಿನ ಚರ್ಚೆ ಮಾತ್ರ ಆ ಮಳೆಗಾಲ ಪೂರ್ತಿ ನಡೆಯಿತು.  

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ಕಡೆ ಕಾಫಿ ತೋಟ. ಗೇಟಿನವರೆಗೆ ಟಾರು. ಅಲ್ಲಿಂದ ಒಳಗೆ ಕಲ್ಲು ಹಾಸಿದ ದಾರಿ, ಆಮೇಲೆ ಕೆಂಪು ಮಣ್ಣು. ಕಣದಿಂದ ಮೇಲಿನ ಬ್ಲಾಕಿಗೆ ಹೋಗುವಾಗ ಒಂದು ಕಡಿದಾದ ಏರು ಬರುತ್ತದೆ. ಅದರ ನಡುವೆ ಹೇರ್‌ಪಿನ್ ತಿರುವು. ಅಲ್ಲಿ ಪ್ರತಿ ಮಳೆಗಾಲಕ್ಕೂ ಕೊರಕಲು ಬೀಳುತ್ತಿತ್ತು ಅಂತ ಅಪ್ಪ ಎಷ್ಟೋ ವರ್ಷದ ಹಿಂದೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದ್ದಾರೆ. ಈ ಕಾಂಕ್ರೀಟಿನ ವಿಷಯ ನೆನಪಿಟ್ಟುಕೊಳ್ಳಿ. ನಮ್ಮ ಮನೆಯ ವಾದ ಕೊನೆಗೆ ತೀರ್ಮಾನವಾದದ್ದು ಅಲ್ಲೇ.

ವಾಹನ ಹೊರುವುದಾದರೂ ಏನು? ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪಂಪ್‌ಸೆಟ್ಟು, ಪೈಪು. ಗೊಬ್ಬರದ ಕಾಲದಲ್ಲಿ ಕೆಲವು ಚೀಲ. ಯೂರಿಯಾ ಆದರೆ 45 ಕೆ.ಜಿ., ಉಳಿದವು 50. ಮೆಣಸು ಕೊಯ್ದಾಗ ಮೆಣಸು. ವಾರದ ಸಂತೆಗೆ ಲೈನ್ ಮನೆಯ ಕೆಲಸಗಾರರು. ಉಳಿದ ದಿನ ಮೂಡಿಗೆರೆ, ಚಿಕ್ಕಮಗಳೂರು, ಆಗಾಗ ಚಾರ್ಮಾಡಿ ಇಳಿದು ಮಂಗಳೂರು. ನಿಜವಾದ ಭಾರಕ್ಕೆ ಟ್ರ್ಯಾಕ್ಟರ್ ಇದೆ. ಬಿಳಿ ಬೋರ್ಡಿನ ಡಬಲ್ ಕ್ಯಾಬ್ ಪಿಕಪ್‌ಗಳು ಹೊರುವ ಮಿತಿ ಗೂಡ್ಸ್ ಪಿಕಪ್‌ಗಳಿಗಿಂತ ತುಂಬಾ ಕಡಿಮೆ. ಕೊಳ್ಳುವ ಮುಂಚೆ ಇದು ಮನಸ್ಸಿನಲ್ಲಿ ಇರಲೇಬೇಕು.

ಓಡಿಸುವವರು ನಾಲ್ಕು ಜನ. ಅಪ್ಪ, ನಾನು, ಡ್ರೈವರ್ ಅಣ್ಣ, ಅವರು ರಜೆ ಹಾಕಿದ ದಿನ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್. ನಾಲ್ಕೂ ಜನರ ಎಡಗಾಲು ನಾಲ್ಕು ಥರ. ಹಿಂದೆ ಇದ್ದ ಪಿಕಪ್‌ನ ಕ್ಲಚ್ ಪ್ಲೇಟ್ ಇದರಿಂದಲೇ ಬೇಗ ಬೇಗ ಹೋಗುತ್ತಿತ್ತು. ಡ್ರೈವರ್ ಅಣ್ಣನ ಕೈಯಲ್ಲಿ ಚೆನ್ನಾಗಿರುತ್ತಿದ್ದ ಗಾಡಿ, ಬೇರೆಯವರು ಒಂದು ವಾರ ಓಡಿಸಿದರೆ ಏರಿನಲ್ಲಿ ವಾಸನೆ ಬರಲು ಶುರು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ತುಂಬಿದ ಗಾಡಿಯನ್ನು ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎಬ್ಬಿಸುವುದು ಸುಲಭದ ಕೆಲಸ ಅಲ್ಲ, ಅಲ್ವಾ?

ಅಪ್ಪ ಮೊದಲಿನಿಂದ ಮ್ಯಾನುವಲ್ ಕಡೆ. ಅವರು ಓಡಿಸಿ ಬೆಳೆದದ್ದು ಮಹೀಂದ್ರಾ ಎಂಎಂ 540 ಜೀಪು. "ನೋಡು ಮಗಳೇ, ಘಾಟಿ ಇಳಿಯುವಾಗ ಗಾಡಿಯನ್ನ ಹಿಡಿಯೋದು ಗೇರು, ಬ್ರೇಕಲ್ಲ. ಆ ಆಟೊಮ್ಯಾಟಿಕ್ಕಲ್ಲಿ ಹಿಡಿಯೋದು ಯಾವುದು?" ಅವರ ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಚಾರ್ಮಾಡಿಯಲ್ಲಿ ಮಂಜು ಕವಿದಾಗ, ಮುಂದೆ ಲಾರಿ, ಪಕ್ಕದಲ್ಲಿ ಕಂದಕ ಇರುವಾಗ ಬ್ರೇಕ್ ಬಿಸಿಯಾಗಿ ಮೆತ್ತಗಾದರೆ ಏನಾಗುತ್ತದೆ ಅಂತ ಈ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ನಮ್ಮ ಭಾವ ಇನ್ನೊಂದು ಕಡೆಯಿಂದ ಅಪ್ಪನ ಜೊತೆ ಸೇರಿಕೊಂಡರು. "ಕೆಟ್ಟರೆ ಮೂಡಿಗೆರೆಯಲ್ಲಿ ಯಾರು ರಿಪೇರಿ ಮಾಡ್ತಾರೆ ಮಾರಾಯ್ತಿ?"

ನಾವು ನೋಡಿದ್ದು ಎರಡು ಗಾಡಿ. ಟೊಯೋಟಾ ಹೈಲಕ್ಸ್ ಮತ್ತು ಇಸುಜು ವಿ-ಕ್ರಾಸ್. ಹೈಲಕ್ಸ್ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. 2.8 ಲೀಟರ್ ಡೀಸೆಲ್ ಎಂಜಿನ್, 204 ಪಿಎಸ್. ಹೊಸ ಹೊಗೆ ನಿಯಮಕ್ಕೆ (ಬಿಎಸ್6) ಹೊಂದುವ ವಿ-ಕ್ರಾಸ್ 2021ರಲ್ಲಿ ಬಂತು. 1.9 ಲೀಟರ್, 163 ಪಿಎಸ್. ಎರಡರಲ್ಲೂ ಆರು ಗೇರಿನ ಮ್ಯಾನುವಲ್ ಇದೆ, ಆರು ಗೇರಿನ ಆಟೊಮ್ಯಾಟಿಕ್ ಇದೆ. ಎರಡೂ ಆಟೊಮ್ಯಾಟಿಕ್‌ಗಳು ಟಾರ್ಕ್ ಕನ್ವರ್ಟರ್ ಥರದವು, ಅಂದರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವವು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಅಂದರೆ ಮಾಮೂಲಿ ಕ್ಲಚ್ಚನ್ನೇ ಮೋಟಾರು ಒತ್ತುವುದು. ಅದನ್ನು ಓಡಿಸಿ ನೋಡಿ ಆಟೊಮ್ಯಾಟಿಕ್ ಎಲ್ಲ ಇಷ್ಟೇ ಅಂದುಕೊಂಡವರು ನಮ್ಮ ಕಡೆ ಜಾಸ್ತಿ.

ಹೈಲಕ್ಸ್‌ನ ಲೆಕ್ಕ ನೋಡಿದಾಗ ನನಗೆ ಒಂದು ವಿಷಯ ವಿಚಿತ್ರ ಅನಿಸಿತು. ಅದೇ ಎಂಜಿನ್. ಮ್ಯಾನುವಲ್‌ನಲ್ಲಿ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 420 ನ್ಯೂಟನ್ ಮೀಟರ್, ಆಟೊಮ್ಯಾಟಿಕ್‌ನಲ್ಲಿ 500. ಯಾಕೆ ಹೀಗೆ? ಓದುತ್ತಾ ಹೋದಾಗ ಅರ್ಥವಾಯಿತು. ಕ್ಲಚ್ಚು ಮತ್ತು ಮ್ಯಾನುವಲ್ ಗೇರ್‌ಬಾಕ್ಸ್ ತಡೆದುಕೊಳ್ಳುವಷ್ಟಕ್ಕೆ ಎಂಜಿನ್ನಿನ ಎಳೆತವನ್ನು ಕಂಪ್ಯೂಟರ್ ತಗ್ಗಿಸಿ ಕೊಡುತ್ತದೆ. ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲೂ ನಡೆದದ್ದು ಇದೇ. ಅಲ್ಲಿ ಕಮಿನ್ಸ್ ಎಂಜಿನ್ನಿನ ರ‍್ಯಾಮ್ ಗಾಡಿಯಲ್ಲಿ ಕೊನೆಯವರೆಗೂ ಮ್ಯಾನುವಲ್ ಸಿಗುತ್ತಿತ್ತು. 2018ರ ಮಾದರಿಗೆ ಅದೂ ನಿಂತಿತು. ಆ ವರ್ಷ ಮ್ಯಾನುವಲ್‌ಗೆ ಕೊಟ್ಟ ಟಾರ್ಕ್ ಸುಮಾರು 895 ನ್ಯೂಟನ್ ಮೀಟರ್. ಅದೇ ಎಂಜಿನ್ನಿನ ಭಾರಿ ಆಟೊಮ್ಯಾಟಿಕ್‌ಗೆ ಸುಮಾರು 1,260. ಭಾರ ಎಳೆಯುವವರೇ ಅಲ್ಲಿ ಆಟೊಮ್ಯಾಟಿಕ್ ಕಡೆ ಹೊರಳಿದ್ದಾರೆ ಅಂತ ಹೇಳಿದಾಗ ಅಪ್ಪ ಪೇಪರ್ ಕೆಳಗಿಟ್ಟು ಕೇಳಿಸಿಕೊಂಡರು. ಒಪ್ಪಲಿಲ್ಲ. ಆದರೆ ಕೇಳಿಸಿಕೊಂಡರು.

ಟಾರ್ಕ್ ಕನ್ವರ್ಟರ್ ಕೆಲಸ ಮಾಡುವ ರೀತಿ ಅವರಿಗೆ ಹೇಳೋದು ಸುಲಭವಾಯಿತು. ಮಲೆನಾಡಿನಲ್ಲಿ ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಇಟ್ಟು ಕರೆಂಟ್ ಮಾಡಿಕೊಳ್ಳುವ ಮನೆಗಳಿವೆ. ನೀರು ರಭಸವಾಗಿ ಬಂದು ರೆಕ್ಕೆಗೆ ಹೊಡೆಯುತ್ತದೆ, ರೆಕ್ಕೆ ತಿರುಗುತ್ತದೆ. ಕನ್ವರ್ಟರ್ ಒಳಗೂ ಹಾಗೆಯೇ. ನೀರಿನ ಬದಲು ಎಣ್ಣೆ. ಎಂಜಿನ್ ಕಡೆಯ ರೆಕ್ಕೆ ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆ ಅದರಿಂದ ತಿರುಗುತ್ತದೆ. ನಡುವೆ ಸ್ಟೇಟರ್ ಅಂತ ಇನ್ನೊಂದು ಚಕ್ರ. ವಾಪಸ್ ಬರುವ ಎಣ್ಣೆಯನ್ನು ಅದು ಸರಿಯಾದ ದಿಕ್ಕಿಗೆ ತಿರುಗಿಸಿ ಕಳಿಸುತ್ತದೆ. ಇದರಿಂದ ಗಾಡಿ ನಿಂತಲ್ಲಿಂದ ಏಳುವ ಕ್ಷಣದಲ್ಲಿ ಎಂಜಿನ್ನಿನ ಟಾರ್ಕ್ ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತದೆ. ವೇಗ ಹಿಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಬಿಗಿಯಾಗಿ ಜೋಡಿಸುತ್ತದೆ. ಹಳೆಯ ಕಾಲದ ಆಟೊಮ್ಯಾಟಿಕ್‌ಗಳು ಡೀಸೆಲ್ ಕುಡಿಯುತ್ತಿದ್ದವು ಅನ್ನುವ ದೂರು ಈಗ ಅಷ್ಟಾಗಿ ಇಲ್ಲದಿರಲು ಈ ಲಾಕಪ್ ಒಂದು ಕಾರಣ, ಆರು ಗೇರು ಇರೋದು ಇನ್ನೊಂದು.

ಕಾಗದದ ಲೆಕ್ಕದಲ್ಲಿ ಮ್ಯಾನುವಲ್‌ಗೂ ಒಂದು ಮೇಲುಗೈ ಇದೆ. ಹೈಲಕ್ಸ್ ಮ್ಯಾನುವಲ್‌ನ ಮೊದಲ ಗೇರಿನ ಅನುಪಾತ ಸುಮಾರು 4.8, ಆಟೊಮ್ಯಾಟಿಕ್‌ನದು 3.6. ಅಂದರೆ ಇಳಿಜಾರಿನಲ್ಲಿ ಮೊದಲ ಗೇರ್ ಹಾಕಿ ಬಿಟ್ಟರೆ ಮ್ಯಾನುವಲ್ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಅಪ್ಪ ಹೇಳಿದ್ದು ಇದನ್ನೇ. ಏರಿನಲ್ಲಿ ಮಾತ್ರ ಕನ್ವರ್ಟರ್‌ನ ಪಟ್ಟು ಸೇರಿಸಿ ಲೆಕ್ಕ ಹಾಕಿದರೆ ಆಟೊಮ್ಯಾಟಿಕ್ ಮುಂದೆ ಹೋಗುತ್ತದೆ.

ಹೈಲಕ್ಸ್ ನಮ್ಮ ಕೈಗೆ ದುಬಾರಿಯಾಯಿತು. ಬೆಲೆ 20 ಲಕ್ಷ ದಾಟಿದ ಗಾಡಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆಯೇ 18%, ಅದರ ಮೇಲೆ ಸೆಸ್ ಬೇರೆ. ಬೆಲೆ ಏರಿದಷ್ಟೂ ತೆರಿಗೆಯೂ ಏರುತ್ತದೆ. ಹಾಗಾಗಿ ವಿ-ಕ್ರಾಸ್ ಅಂತ ಆಯಿತು. ಇದರಲ್ಲಿ ಎರಡೂ ಗೇರ್‌ಬಾಕ್ಸಿಗೆ ಟಾರ್ಕ್ ಒಂದೇ, 360 ನ್ಯೂಟನ್ ಮೀಟರ್. ಅಂದರೆ ಹೈಲಕ್ಸ್‌ನಲ್ಲಿ ನಾನು ಹಿಡಿದುಕೊಂಡಿದ್ದ 500ರ ವಾದ ಇಲ್ಲಿ ನಡೆಯಲ್ಲ. ಮತ್ತೆ ಮೊದಲಿನಿಂದ ಯೋಚಿಸಬೇಕಾಯಿತು.

ಇಲ್ಲಿ ಡ್ರೈವರ್ ಅಣ್ಣ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. "ಅಕ್ಕಾ, ಫೋರ್ ಲೋ ಹಾಕಿದ್ರೆ ಕ್ಲಚ್ ಯಾಕೆ ಸುಡುತ್ತೆ? ಮೊದಲನೇ ಗೇರಲ್ಲಿ ಆಕ್ಸಿಲರೇಟರ್ ಕೊಡದೇ ಹತ್ತುತ್ತೆ." ನೂರಕ್ಕೆ ನೂರು ನಿಜ. ಫೋರ್ ಲೋ ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಗಾಡಿಯನ್ನು ನಿಧಾನಕ್ಕೆ ಓಡಿಸುವ ಲೋ ರೇಂಜ್. ಅದನ್ನು ಹಾಕಿದರೆ ಎಳೆತ ಎರಡೂವರೆ ಪಟ್ಟಿನಷ್ಟು ಆಗುತ್ತದೆ. ಕ್ಲಚ್ಚನ್ನು ಪೂರ್ತಿ ಬಿಟ್ಟು ಸುಮ್ನೆ ಕೂತರೆ ಸಾಕು, ಗಾಡಿ ತೆವಳಿಕೊಂಡು ಹತ್ತುತ್ತದೆ. ಮಣ್ಣಿನ ಏರುಗಳೇ ನಮ್ಮ ಕಷ್ಟವಾಗಿದ್ದರೆ ನಾನು ಅಲ್ಲೇ ಮ್ಯಾನುವಲ್ ಅಂತ ಒಪ್ಪಿಬಿಡುತ್ತಿದ್ದೆ.

ಆದರೆ ನಮ್ಮ ಕಷ್ಟ ಇದ್ದದ್ದು ಆ ಕಾಂಕ್ರೀಟ್ ತಿರುವಿನಲ್ಲಿ. ಈ ಪಿಕಪ್‌ಗಳ ಫೋರ್‌ವೀಲ್ ಪಾರ್ಟ್ ಟೈಮ್ ಥರದ್ದು. ಮುಂದಿನ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಟೈರು ಅಷ್ಟಿಷ್ಟು ಜಾರಿ ಸರಿಹೋಗುತ್ತದೆ. ಗಟ್ಟಿ ಕಾಂಕ್ರೀಟಿನಲ್ಲಿ ಜಾರಲು ಜಾಗ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಬಿಗಿಯುತ್ತದೆ. ಆ ಒತ್ತಡವೆಲ್ಲ ಶಾಫ್ಟು, ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ. ಅದಕ್ಕೇ ಒಣ ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಬೇಡಿ ಅಂತ ಗಾಡಿಯ ಪುಸ್ತಕದಲ್ಲೇ ಬರೆದಿರುತ್ತಾರೆ. ಹೈ ರೇಂಜ್‌ಗೆ ಮರಳಬೇಕೆಂದರೆ ಗಾಡಿ ನಿಲ್ಲಿಸಲೇಬೇಕು, ಅದೂ ಏರಿನ ಮಧ್ಯೆ. ಹಾಗಾಗಿ ನಮ್ಮ ಅತಿ ಕಡಿದಾದ ಜಾಗವನ್ನೇ ನಾವು ಟೂ ವೀಲ್‌ನಲ್ಲಿ ಹತ್ತಬೇಕು.

ಇದನ್ನು ಓಡಿಸಿಯೇ ನೋಡೋಣ ಅಂತ ತೀರ್ಮಾನಿಸಿದೆವು. ಸಕಲೇಶಪುರದ ಕಡೆಯ ಪರಿಚಯದ ಪ್ಲಾಂಟರ್ ಒಬ್ಬರು ತಮ್ಮ ಮ್ಯಾನುವಲ್ ವಿ-ಕ್ರಾಸ್ ತಂದರು. ಮಂಗಳೂರಿನ ಶೋರೂಮಿನವರು ಕೇಳಿಕೊಂಡ ಮೇಲೆ ಆಟೊಮ್ಯಾಟಿಕ್ ಡೆಮೊ ಗಾಡಿಯನ್ನು ತೋಟಕ್ಕೇ ಕಳಿಸಿದರು. ಯಾರೇ ಪಿಕಪ್ ಕೊಳ್ಳಲಿ, ಹೀಗೆ ಕೇಳಿ. ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದರೆ ಗೇರ್‌ಬಾಕ್ಸ್ ಬಗ್ಗೆ ಏನೂ ತಿಳಿಯಲ್ಲ. ನಿಮ್ಮ ಗಾಡಿ ದಿನಾ ಒದ್ದಾಡುವ ಜಾಗಕ್ಕೇ ಅದನ್ನು ತರಿಸಬೇಕು.

ಎರಡಕ್ಕೂ ಹಿಂದೆ ಒಂದೇ ಭಾರ ಹಾಕಿದೆವು, ಗೊಬ್ಬರದ ಚೀಲ. ಬೆಳಿಗ್ಗೆ ಮಳೆ ಬಿಟ್ಟಿತ್ತು, ಕಾಂಕ್ರೀಟ್ ಒಣಗಿತ್ತು. ಮೊದಲು ಮ್ಯಾನುವಲ್. ಗಾಡಿಯ ಉದ್ದ 5.3 ಮೀಟರ್, ಅದು ತಿರುಗಲು ಬೇಕಾದ ತ್ರಿಜ್ಯ 6.3 ಮೀಟರ್. ಒಂದೇ ಸಲಕ್ಕೆ ಆ ತಿರುವು ತೆಗೆಯಲು ಆಗಲ್ಲ. ನಡುವೆ ನಿಲ್ಲಿಸಿ, ಸ್ವಲ್ಪ ಹಿಂದೆ ತಗೊಂಡು, ಮತ್ತೆ ಮುಂದೆ ಹತ್ತಬೇಕು. ನಿಂತಲ್ಲಿಂದ ಎಬ್ಬಿಸುವಾಗಲೇ ನಿಜವಾದ ಪರೀಕ್ಷೆ. ಈ 1.9 ಲೀಟರ್ ಎಂಜಿನ್ನಿನ ಪೂರ್ತಿ ಎಳೆತ ಸಿಗೋದು 2,000 ಆರ್‌ಪಿಎಂ ಮೇಲೆ. ಕೆಳಗೆ ಟರ್ಬೊ ಇನ್ನೂ ಎದ್ದಿರಲ್ಲ. ಹಾಗಾಗಿ ಆಕ್ಸಿಲರೇಟರ್ ಕೊಟ್ಟು, ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು, ಎಂಜಿನ್ ಮೇಲೆದ್ದ ಮೇಲೆ ಬಿಡಬೇಕು. ಡ್ರೈವರ್ ಅಣ್ಣ ಚೊಕ್ಕವಾಗಿ ಹತ್ತಿಸಿದರು. ಏರಿನಲ್ಲಿ ಒಂದು ಕ್ಷಣ ಬ್ರೇಕನ್ನು ತಾನೇ ಹಿಡಿದುಕೊಳ್ಳುವ ಹಿಲ್ ಸ್ಟಾರ್ಟ್ ಇದ್ದದ್ದರಿಂದ ಗಾಡಿ ಹಿಂದೆ ಜಾರಲಿಲ್ಲ. ಆಮೇಲೆ ರೈಟರ್ ಕೂತರು. ಅವರೂ ಹತ್ತಿಸಿದರು, ಆದರೆ ಗಾಡಿ ಮೇಲೆ ಬಂದು ನಿಂತಾಗ ಆ ಸುಟ್ಟ ವಾಸನೆ ಎಲ್ಲರ ಮೂಗಿಗೂ ಬಂತು. ಗಾಡಿ ಕೊಟ್ಟವರು ಒಳ್ಳೆಯವರು, ಏನೂ ಅನ್ನಲಿಲ್ಲ. ನಾನೇ "ಸಾಕು" ಅಂದೆ.

ಆಟೊಮ್ಯಾಟಿಕ್‌ನಲ್ಲಿ ಮೊದಲು ರೈಟರ್‌ನನ್ನೇ ಕೂರಿಸಿದೆವು. ಅವರು ಆಟೊಮ್ಯಾಟಿಕ್ ಮುಟ್ಟಿದ್ದು ಅದೇ ಮೊದಲು. ಎಡಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂರಿ ಅಂತ ಹೇಳಿದೆ. ತಿರುವಿನಲ್ಲಿ ನಿಲ್ಲಿಸಿದರು. ಆರ್‌ಗೆ, ಅಂದರೆ ರಿವರ್ಸ್‌ಗೆ ಹಾಕಿ ಹಿಂದೆ ತಗೊಂಡರು. ಮುಂದೆ ಹೋಗುವ ಡಿ (ಡ್ರೈವ್) ಹಾಕಿದರು. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೇಲೆದ್ದಿತು. ಒಂದು ಉಸಿರಿನಷ್ಟು ಹೊತ್ತು ಗಾಡಿ ಅಲ್ಲೇ ನಿಂತಿತ್ತು. ಆಮೇಲೆ ಸಲೀಸಾಗಿ ಎದ್ದು ಹತ್ತಿತು. ಕುಲುಕಿಲ್ಲ, ವಾಸನೆ ಇಲ್ಲ. ಮ್ಯಾನುವಲ್‌ನಲ್ಲಿ ಕ್ಲಚ್ ಪ್ಲೇಟು ಉಜ್ಜಿ ಸವೆಯುವ ಆ ಒಂದೆರಡು ಸೆಕೆಂಡಿನ ಕೆಲಸವನ್ನು ಇಲ್ಲಿ ಎಣ್ಣೆ ಮಾಡಿತು. ಬಿಸಿಯಾದ ಎಣ್ಣೆ ಮುಂದಿರುವ ಕೂಲರ್‌ಗೆ ಹೋಗಿ ತಣ್ಣಗಾಗುತ್ತದೆ. ಪ್ಲೇಟು ಸವೆದರೆ ಸವೆಯಿತು, ಅದು ವಾಪಸ್ ಬರಲ್ಲ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಬೇಕು. ಫೋರ್‌ವೀಲ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಕೆಲಸವೂ ಸೇರುತ್ತದೆ.

ಅಪ್ಪನ ಪ್ರಶ್ನೆ ಇನ್ನೂ ಉಳಿದಿತ್ತು. ಇಳಿಯುವಾಗ? ಅದೇ ದಿನ ಮಧ್ಯಾಹ್ನ ಚಾರ್ಮಾಡಿಗೆ ಹೋದೆವು, ಸ್ಟೀರಿಂಗ್ ಹಿಡಿದದ್ದು ಅಪ್ಪನೇ. ಡಿಯಲ್ಲೇ ಬಿಟ್ಟು ಇಳಿದರೆ ಅವರು ಹೇಳಿದ್ದು ಸರಿ. ಕಾಲು ತೆಗೆದ ತಕ್ಷಣ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತದೆ, ಗಾಡಿ ಹಿಡಿತಕ್ಕೆ ಸಿಗದೆ ಓಡತೊಡಗುತ್ತದೆ. ಆಗ ಪದೇ ಪದೇ ಬ್ರೇಕ್ ಒತ್ತಬೇಕಾಗುತ್ತದೆ. ಆದರೆ ಲಿವರನ್ನು ಪಕ್ಕಕ್ಕೆ ಸರಿಸಿ ಮ್ಯಾನುವಲ್ ಮೋಡಿಗೆ ತಂದು ಮೈನಸ್ ಕಡೆ ತಟ್ಟಿದರೆ ಮೂರನೇ ಗೇರು, ಇನ್ನೊಮ್ಮೆ ತಟ್ಟಿದರೆ ಎರಡನೇ ಗೇರು. ಅಪ್ಪ ಎರಡಕ್ಕೆ ತಂದರು. ಎಂಜಿನ್ ಗುಂಯ್ ಅಂತ ಮೇಲೆದ್ದು ಗಾಡಿಯನ್ನು ಹಿಡಿಯಿತು. ಆ ತಿರುವು ದಾಟಿ ಇನ್ನೊಂದು ತಿರುವಿಗೆ ಬರುವವರೆಗೂ ಅವರು ಬ್ರೇಕ್ ಮುಟ್ಟಲಿಲ್ಲ. "ಜೀಪಿನಷ್ಟು ಹಿಡಿಯಲ್ಲ. ಆದರೆ ಹಿಡಿಯುತ್ತೆ," ಅಂದರು. ತೋಟದ ಒಳಗೆ ಕಡಿದಾದ ಮಣ್ಣಿನ ಇಳಿಜಾರಿಗೆ ಲೋ ರೇಂಜ್ ಇದೆ, ತಾನೇ ಬ್ರೇಕ್ ಹಿಡಿದು ನಿಧಾನಕ್ಕೆ ಇಳಿಸುವ ಹಿಲ್ ಡಿಸೆಂಟ್ ಕಂಟ್ರೋಲ್ ಇದೆ. ಘಾಟಿಗೆ ಮಾತ್ರ ಈ ಅಭ್ಯಾಸ ಕಲಿಯಲೇಬೇಕು. ಆಟೊಮ್ಯಾಟಿಕ್ ಕೊಂಡು ಘಾಟಿಯನ್ನು ಡಿಯಲ್ಲೇ ಇಳಿಯುವವರನ್ನು ನೋಡಿದರೆ ನನಗೆ ಈಗಲೂ ಭಯವಾಗುತ್ತದೆ.

ಭಾವನ ರಿಪೇರಿ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಸಮಾಧಾನ ಇರಲಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಆಗುವ ಕೆಲಸ ಅಲ್ಲ. ಮಂಗಳೂರಿಗೇ ಹೋಗಬೇಕು, ಅದೂ ಫ್ಲಾಟ್‌ಬೆಡ್ ಮೇಲೆ. ಚಕ್ರ ನೆಲದಲ್ಲಿಟ್ಟು ದೂರ ಎಳೆದುಕೊಂಡು ಹೋದರೆ ಒಳಗೆ ಎಣ್ಣೆ ಓಡದೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯವೂ ನಡೆಯಲ್ಲ. ಭಾವನಿಗೆ ನಾನು ಹೇಳಿದ್ದು ಇಷ್ಟೇ. ಒಳ್ಳೆಯ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಅಪರೂಪಕ್ಕೆ ಕೆಡುತ್ತದೆ, ನಮ್ಮ ಮನೆಯಲ್ಲಿ ಕ್ಲಚ್ಚು ಕೆಡೋದು ಖಚಿತ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ತುಂಬಿಕೊಳ್ಳುವ ತಲೆನೋವು ಎರಡಕ್ಕೂ ಒಂದೇ. ತೋಟದೊಳಗೇ ಓಡಿಸಿದರೆ ಮಸಿ ಕಟ್ಟುತ್ತದೆ, ಆಗಾಗ ಹೆದ್ದಾರಿಯಲ್ಲಿ ಓಡಿಸಬೇಕು.

ದಿನಾ ಒಬ್ಬರೇ ಓಡಿಸುವ ಗಾಡಿಯಾಗಿದ್ದರೆ, ದಾರಿ ಪೂರ್ತಿ ಮಣ್ಣಾಗಿದ್ದರೆ, ಪೇಟೆಯಿಂದ ಇನ್ನೂ ದೂರದ ತೋಟವಾಗಿದ್ದರೆ ನಾನೂ ಮ್ಯಾನುವಲ್ ಅನ್ನುತ್ತಿದ್ದೆ. ಗಾಡಿ ಕೊಟ್ಟ ಆ ಸಕಲೇಶಪುರದ ಹಿರಿಯರ ತೋಟ ಹಾಗೆಯೇ ಇದೆ, ಅವರಿಗೆ ಅವರ ಮ್ಯಾನುವಲ್ ಸರಿ. ನಮ್ಮಲ್ಲಿ ನಾಲ್ಕು ಜನ ಓಡಿಸುತ್ತೇವೆ, ತಿರುವಿನಲ್ಲಿ ಕಾಂಕ್ರೀಟ್ ಇದೆ. ಆಟೊಮ್ಯಾಟಿಕ್ ಬುಕ್ ಮಾಡಿದೆವು.

ಈಗ ಒಂದು ಕೊಯ್ಲು, ಒಂದು ಮಳೆಗಾಲ ಕಳೆದಿದೆ. ಡ್ರೈವರ್ ಅಣ್ಣನಿಗೆ ಮೊದಲ ವಾರ ಎಡಗಾಲು ಸುಮ್ನೆ ಇರಲಿಲ್ಲ. ಈಗ ಅವರೇ ಬೇರೆ ತೋಟದವರಿಗೆ ಹೇಳಿಕೊಡುತ್ತಾರೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಡಿಯಲ್ಲಿ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸುತ್ತಾ ಕೂರಬಾರದು ಅನ್ನೋದು ನಮ್ಮ ಮನೆಯ ನಿಯಮ. ಕನ್ವರ್ಟರ್‌ನ ಎಣ್ಣೆ ಅತಿಯಾಗಿ ಬಿಸಿಯಾಗೋದು ಹಾಗೆ ಮಾಡಿದಾಗಲೇ. ಮೊದಲೇ ಫೋರ್ ಲೋ ಹಾಕಿದರೆ ಕನ್ವರ್ಟರ್ ಮೇಲೆ ಬೀಳುವ ಹೊರೆ ಕಡಿಮೆ. ಗೇರ್‌ಬಾಕ್ಸ್ ಎಣ್ಣೆಯನ್ನು 60,000 ಕಿ.ಮೀ.ಗೆ ಬದಲಿಸುವುದು ಅಂತ ನಿರ್ಧರಿಸಿ ಗಾಡಿಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಬ್ಯಾಟರಿಗೆ ಒಂದು ಜಂಪ್ ಸ್ಟಾರ್ಟರ್ ಸೀಟಿನ ಹಿಂದೆ ಇದೆ.

ಇನ್ನು ಬಾಕಿ ಇರೋದು ಟೈರು. ಗಾಡಿಯ ಜೊತೆ ಬಂದ ಟೈರು ಹೆದ್ದಾರಿಗೆ ಚೆನ್ನ. ಜುಲೈ ತಿಂಗಳ ಕೆಂಪು ಮಣ್ಣಿನಲ್ಲಿ ಅದರ ಗೆರೆಗಳೆಲ್ಲ ಕೆಸರು ತುಂಬಿ ನುಣ್ಣಗಾಗುತ್ತವೆ. ಆಗ ಯಾವ ಗೇರ್‌ಬಾಕ್ಸ್ ಇದ್ದರೂ ಪ್ರಯೋಜನ ಇಲ್ಲ. ಮುಂದಿನ ಮಳೆ ಶುರುವಾಗುವ ಮೊದಲು ಆಲ್ ಟೆರೇನ್ ಟೈರು ಹಾಕಿಸಬೇಕು. ಯಾವ ಕಂಪನಿಯದು ಅನ್ನೋದರ ಬಗ್ಗೆ ಅಪ್ಪ ಮತ್ತು ಡ್ರೈವರ್ ಅಣ್ಣ ಈಗಾಗಲೇ ಮಾತು ಶುರು ಮಾಡಿದ್ದಾರೆ.